ಲೈನು ಜಗಲಿಗೆ ಬಂತು, ಮಾಳಿಗೆಗೆ ಬರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ಪಕ್ಕದ ಊರಿಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಊಟಕ್ಕೆ ಕೂತಾಗ ನನ್ನ ಆಚೀಚೆ ಇದ್ದ ಮೂವರೂ ಒಂದೇ ಮಾತು ಹೇಳಿದರು. ಮನೆಗೆ ಫೈಬರ್ ಇಂಟರ್ನೆಟ್ ಲೈನು ಬಂದಿದೆ, ಆದರೂ ನೆಟ್ ನಿಲ್ಲುವುದಿಲ್ಲ ಅಂತ. ಒಬ್ಬರು 50 ಎಂಬಿಪಿಎಸ್ ವೇಗದ ಪ್ಲಾನು ಬಿಟ್ಟು 100ರದ್ದು ಹಾಕಿಸಿದ್ದಾರೆ. ಇನ್ನೊಬ್ಬರು 200ಕ್ಕೆ ಹೋಗಿದ್ದಾರೆ. ತಿಂಗಳ ದುಡ್ಡು ಏರಿದ್ದೇ ಬಂತು, ಮಗನ ಕೋಣೆಯಲ್ಲಿ ಪಾಠದ ವಿಡಿಯೋ ಈಗಲೂ ನಿಂತು ನಿಂತು ಹೋಗುತ್ತದೆ. "ನಮ್ಮ ಮಲೆನಾಡಲ್ಲಿ ಇಷ್ಟೇ ಅಲ್ವಾ" ಎಂದು ಮೂವರೂ ಸಮಾಧಾನ ಮಾಡಿಕೊಂಡರು. ನನಗೆ ಸಮಾಧಾನ ಆಗಲಿಲ್ಲ. ನಾನೂ ಒಂದು ವರ್ಷ ಹಾಗೇ ಅಂದುಕೊಂಡು ಜಾಸ್ತಿ ದುಡ್ಡು ಕಟ್ಟಿದವಳು. ತಪ್ಪು ಮಲೆನಾಡಿನದಲ್ಲ, ಹೆಚ್ಚಿನ ಮನೆಗಳಲ್ಲಿ ಲೈನಿನದೂ ಅಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ ನಮ್ಮ ಮನೆ. ಮೂರು ಎಕರೆ ಅಡಿಕೆ ತೋಟ ಇದೆ. ಮನೆ ನಮ್ಮ ಮಾವನವರ ಕಾಲದ್ದು. ಹಳೆಯ ಭಾಗಕ್ಕೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಆಮೇಲೆ ಸೇರಿಸಿದ ಭಾಗ ಜಂಬಿಟ್ಟಿಗೆ ಕಲ್ಲಿನದು. ಮುಂದೆ ಜಗಲಿ, ನಡುಮನೆ, ಹಿಂದೆ ಅಡುಗೆಮನೆ, ಮೇಲೆ ಮಾಳಿಗೆ. 2020ರ ಲಾಕ್‌ಡೌನಿನಲ್ಲಿ ನನ್ನ ಮಗಳು ಮನೆ ಹಿಂದಿನ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದುಕೊಂಡು ಮೊಬೈಲಿನಲ್ಲಿ ಪಾಠ ಕೇಳಿದವಳು. ಜಿಗಣೆ ಹತ್ತಿದ ಕಾಲಿಗೆ ನಾನು ಸುಣ್ಣ ಹಚ್ಚುತ್ತಿದ್ದೆ. ಈಗ ಅವಳಿಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ. ತಿಂಗಳಲ್ಲಿ ಮೂರು ವಾರ ಮನೆಯಿಂದಲೇ ಮಾಡುತ್ತಾಳೆ. ಮಾಳಿಗೆಯ ಮೂಲೆ ಕೋಣೆ ಅವಳ ಆಫೀಸು. ಹಾಗಾಗಿ ನಮ್ಮ ಮನೆಯಲ್ಲಿ ನೆಟ್ ಅಂದರೆ ಮಗಳು ಊರಲ್ಲೇ ಇರುವ ಪ್ರಶ್ನೆ.

2022ರಲ್ಲಿ ಫೈಬರ್ ಲೈನು ಬಂತು. ಎಳೆದವರು ಇಬ್ಬರು ಹುಡುಗರು. ಮರದಿಂದ ಮರಕ್ಕೆ ಹತ್ತಿ, ತೋಟದ ಅಂಚಿನಲ್ಲಿ ಬೆಳಗಿನಿಂದ ಸಂಜೆವರೆಗೆ ದುಡಿದರು. ಅವರ ಮೇಲೆ ನನಗೆ ಒಂದಿಷ್ಟೂ ದೂರಿಲ್ಲ. ಆದರೆ ವೈರು ಜಗಲಿಯ ಕಿಟಕಿಯಿಂದ ಒಳಗೆ ಬಂತು, ಅದರ ಪಕ್ಕದಲ್ಲೇ ಮೊಳೆ ಹೊಡೆದು ಮೋಡೆಮ್ ಡಬ್ಬಿ ನೇತು ಹಾಕಿದರು. "ಮಾಳಿಗೆಯಲ್ಲಿ ಬೇಕಿತ್ತಲ್ಲಪ್ಪಾ" ಅಂದೆ. "ಅಕ್ಕಾ, ವೈರು ಇಷ್ಟೇ ಇರೋದು, ವೈಫೈ ಮನೆಯೆಲ್ಲಾ ಬರುತ್ತೆ" ಅಂದರು. ಬರಲಿಲ್ಲ. ಜಗಲಿಯಲ್ಲಿ ಕೂತ ನಮ್ಮ ಯಜಮಾನರಿಗೆ ಅಡಿಕೆ ಧಾರಣೆ ಕ್ಷಣದಲ್ಲಿ ತೆರೆಯುತ್ತಿತ್ತು. ಮೇಲೆ ಮಗಳ ಮೀಟಿಂಗಿನಲ್ಲಿ ಮುಖ ಕಲ್ಲಾಗಿ ನಿಲ್ಲುತ್ತಿತ್ತು. 40ರ ಪ್ಲಾನು ಬಿಟ್ಟು 100ರದ್ದು ತೆಗೆದುಕೊಂಡೆವು. ಏನೂ ಬದಲಾಗಲಿಲ್ಲ. ಮಳೆಗಾಲದಲ್ಲಂತೂ ಇನ್ನೂ ಕಷ್ಟ. ನೀರು ಕುಡಿದ ಗೋಡೆ ಸಿಗ್ನಲ್ಲನ್ನು ಜಾಸ್ತಿ ನುಂಗುತ್ತದೆ ಎಂದು ಆಗ ನಮಗೆ ಗೊತ್ತಿರಲಿಲ್ಲ.

ಕಣ್ಣು ತೆರೆಸಿದ್ದು ಒಂದು ಸಣ್ಣ ಪರೀಕ್ಷೆ. ಮೊಬೈಲಿನಲ್ಲಿ ವೇಗ ಅಳೆಯುವ ಆ್ಯಪ್ ಹಾಕಿಕೊಂಡು ಡಬ್ಬಿಯ ಪಕ್ಕ ನಿಂತು ನೋಡಿದೆ. 93 ಎಂಬಿಪಿಎಸ್. ನಡುಮನೆಯಲ್ಲಿ 31. ಅಡುಗೆಮನೆಯಲ್ಲಿ 9. ಮಗಳ ಕೋಣೆಯಲ್ಲಿ 3, ಒಮ್ಮೊಮ್ಮೆ ಅದೂ ಇಲ್ಲ. ಕಂಪನಿ ಕೊಡಬೇಕಾದ್ದನ್ನು ಪೂರ್ತಿ ಕೊಡುತ್ತಿತ್ತು. ಜಗಲಿಯಿಂದ ಮಾಳಿಗೆಗೆ ಹತ್ತುವಷ್ಟರಲ್ಲಿ ಅದು ಗೋಡೆಗಳ ಒಳಗೆ ಕಳೆದುಹೋಗುತ್ತಿತ್ತು. ಇನ್ನೂರರ ಪ್ಲಾನು ಹಾಕಿಸಿದ್ದರೂ ಗೋಡೆ ಅಷ್ಟನ್ನೂ ತಿನ್ನುತ್ತಿತ್ತು. ಪ್ಲಾನು ಏರಿಸುವ ಮೊದಲು ದಯವಿಟ್ಟು ಎಲ್ಲರೂ ಈ ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್ ಇದ್ದರೆ ಡಬ್ಬಿಗೆ ಕೇಬಲ್ ಹಾಕಿ ಅಳೆದರೆ ಇನ್ನೂ ಖಚಿತ. ಡಬ್ಬಿಯ ಪಕ್ಕದಲ್ಲೇ ಕಡಿಮೆ ಇದ್ದರೆ ದೂರು ಕೊಡಿ. ಅಲ್ಲಿ ಸರಿಯಿದ್ದರೆ ಕೆಲಸ ಮನೆಯೊಳಗೇ ಇದೆ.

ನಾವು ಮೋಡೆಮ್ ಅನ್ನುವ ಆ ಡಬ್ಬಿ ಎರಡು ಕೆಲಸ ಮಾಡುತ್ತದೆ. ಮೊದಲನೆಯದು, ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ನಮ್ಮ ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬದಲಿಸುವುದು. ಲೈನಿನವರು ಇದನ್ನು ಒಎನ್‌ಟಿ ಅಥವಾ ಒಎನ್‌ಯು ಅನ್ನುತ್ತಾರೆ. ಎರಡನೆಯದು, ಬಂದ ನೆಟ್ಟನ್ನು ಮನೆಯ ಫೋನು, ಟಿವಿ, ಲ್ಯಾಪ್‌ಟಾಪಿಗೆ ಹಂಚುವುದು. ಅದು ರೂಟರಿನ ಕೆಲಸ. ಎರಡೂ ಒಂದೇ ಡಬ್ಬಿಯಲ್ಲಿ ಇರುವುದರಿಂದ ಒಂದೇ ಅಂದುಕೊಳ್ಳುತ್ತೇವೆ. ಬೆಳಕಿನ ಡಬ್ಬಿ ವೈರು ಬಂದ ಕಡೆ ಇದ್ದರೆ ತೊಂದರೆಯಿಲ್ಲ. ಹಂಚುವ ಡಬ್ಬಿ ಮಾತ್ರ ಜನ ಇರುವ ಕಡೆ ಇರಬೇಕು. ಎರಡನ್ನೂ ಬೇರೆ ಮಾಡಿದರೆ ಮುಗಿಯಿತು. ಇದೊಂದು ಮಾತು ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು.

ಬೆಳಕಿನ ಡಬ್ಬಿಯನ್ನು ನಾವೇ ಅಂಗಡಿಯಿಂದ ತಂದು ಬದಲಿಸಲು ಹೋಗಬಾರದು. ಅದರ ಸೀರಿಯಲ್ ನಂಬರು ಕಂಪನಿಯ ಕಡೆ ದಾಖಲಾಗಿರುತ್ತದೆ. ಬೇರೆ ಡಬ್ಬಿ ಹಾಕಿದರೆ ಸುಮ್ನೆ ಕೆಲಸ ಮಾಡುವುದಿಲ್ಲ. ನಾವು ಆರಿಸಬಹುದಾದ್ದು ರೂಟರ್ ಮಾತ್ರ.

ಅದನ್ನು ತರಲು ಶಿವಮೊಗ್ಗಕ್ಕೆ ಹೋದೆ. ಅಂಗಡಿಯವರು ನಾಲ್ಕು ಆಂಟೆನಾ ಇರುವ ಒಂದನ್ನು ಕೊಟ್ಟರು. ಡಬ್ಬದ ಮೇಲೆ ಮೋಡೆಮ್ ರೂಟರ್ ಎಂದಿತ್ತು. ಎರಡೂ ಇದೆ, ಒಳ್ಳೆಯದೇ ಆಯಿತು ಅಂದುಕೊಂಡೆ. ಮನೆಗೆ ಬಂದು ನೋಡಿದರೆ ಹಿಂದೆ ಲ್ಯಾಂಡ್‌ಲೈನ್ ಫೋನಿನ ಸಣ್ಣ ಪಿನ್ನಿಗೆ ಜಾಗ. ಅದು ಹಳೆಯ ತಾಮ್ರದ ಟೆಲಿಫೋನ್ ಲೈನಿನ ಬ್ರಾಡ್‌ಬ್ಯಾಂಡಿಗೆ ಮಾಡಿದ್ದು. 2005ರ ಸುಮಾರಿನಿಂದ ನಮ್ಮ ಪೇಟೆಗಳಲ್ಲಿ ಇದ್ದ ಬ್ರಾಡ್‌ಬ್ಯಾಂಡ್ ಹೆಚ್ಚಿನದೂ ಆ ತರಹದ್ದೇ. ಫೈಬರ್ ಮನೆಗೆ ಅದು ಬೇಡ. ಮತ್ತೆ ಬಸ್ಸು ಹತ್ತಿ ಹೋಗಿ ಬದಲಿಸಿದೆ. ಒಂದು ದಿನದ ಕೆಲಸ ಕೆಟ್ಟಿತು, ಅದೂ ಅಡಿಕೆ ಸುಲಿಯುವ ಹೊತ್ತಿನಲ್ಲಿ. ನೀವು ತೆಗೆದುಕೊಳ್ಳುವಾಗ ಡಬ್ಬ ತಿರುಗಿಸಿ ಹಿಂಭಾಗದ ಚಿತ್ರ ನೋಡಿ. ವ್ಯಾನ್ (WAN) ಅಥವಾ ಇಂಟರ್ನೆಟ್ ಎಂದು ಬರೆದ ಅಗಲ ಪಿನ್ನಿನ ಜಾಗ ಇರಬೇಕು. ಹೆಚ್ಚಾಗಿ ಅದರ ಬಣ್ಣ ಬೇರೆ ಇರುತ್ತದೆ.

ಆಂಟೆನಾ ಎಷ್ಟಿದೆ ಎಂದು ಎಣಿಸಿ ಕೊಳ್ಳಬೇಡಿ. ಡಬ್ಬದ ಮೇಲಿನ ದೊಡ್ಡ ಅಂಕಿಯನ್ನೂ ಹಾಗೇ ನಂಬಬೇಡಿ. 1200 ಎಂದು ಬರೆದಿದ್ದರೆ ಅದು ವೈಫೈಯ ಎರಡು ತರಂಗಗಳಾದ 2.4 ಗಿಗಾಹರ್ಟ್ಸಿನ 300 ಮತ್ತು 5 ಗಿಗಾಹರ್ಟ್ಸಿನ 867 ಸೇರಿಸಿ, ಮೇಲಕ್ಕೆ ದುಂಡು ಮಾಡಿ ಹೇಳುವ ಲೆಕ್ಕ. ಒಂದು ಫೋನಿಗೆ ಅಷ್ಟು ಸಿಗುವುದಿಲ್ಲ. ಇದಕ್ಕಿಂತ ಮುಖ್ಯ, ಕೇಬಲ್ ಸಿಕ್ಕಿಸುವ ಪೋರ್ಟು 100ರದ್ದೋ ಗಿಗಾಬಿಟ್ಟಿನದೋ (ಅಂದರೆ 1000ದ್ದೋ) ಎಂದು ಕೇಳುವುದು. 1200 ಎಂದು ಬರೆದ ಕೆಲವು ಕಡಿಮೆ ಬೆಲೆಯ ರೂಟರುಗಳಲ್ಲಿ ಪೋರ್ಟು 100ರದ್ದೇ. 200ರ ಪ್ಲಾನು ಹಾಕಿಸಿದರೂ ಆ ಪೋರ್ಟಿನಲ್ಲಿ ತೊಂಬತ್ತರ ಆಸುಪಾಸಿಗಿಂತ ಜಾಸ್ತಿ ಹೋಗುವುದಿಲ್ಲ. ನನ್ನ ಪಕ್ಕ ಊಟಕ್ಕೆ ಕೂತಿದ್ದವರ ಮನೆಯಲ್ಲಿ ಹೀಗೇ ಆಗಿದೆಯೋ ಏನೋ, ಹೋಗಿ ನೋಡಬೇಕು.

ಇನ್ನೊಂದು ಖರ್ಚು ನಾನು ಮಾಡಿದೆ, ನೀವು ಮಾಡಬೇಡಿ. ರೂಟರಿಗಿಂತ ಮೊದಲು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ, ವೈಫೈ ಸಿಗ್ನಲ್ಲನ್ನು ಹಿಡಿದು ಮುಂದಕ್ಕೆ ಬೀರುವ ರಿಪೀಟರ್ ತರಿಸಿದ್ದೆ. ಅದನ್ನು ಮಗಳ ಕೋಣೆಯಲ್ಲೇ ಹಾಕಿದೆ. ಆ ಕೋಣೆಗೇ ಸಿಗ್ನಲ್ ಬರದಿದ್ದರೆ ರಿಪೀಟರಿಗೆ ಮಾತ್ರ ಎಲ್ಲಿಂದ ಬರಬೇಕು? ಮೆಟ್ಟಿಲ ಹತ್ತಿರ ಇಟ್ಟಾಗ ಸ್ವಲ್ಪ ಬಂತು. ಆದರೆ ಅಂಥ ಸಣ್ಣ ರಿಪೀಟರುಗಳಲ್ಲಿ ತೆಗೆದುಕೊಳ್ಳುವುದೂ ಕೊಡುವುದೂ ಒಂದೇ ತರಂಗದಲ್ಲಿ ಸರದಿಯಂತೆ, ಆದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಮಣ್ಣಿನ ಗೋಡೆಯ ಮನೆಗೆ ಕೇಬಲ್ಲೇ ಸರಿ. ಮೆಶ್ ಎಂದು, ಸೇರಿ ಒಂದೇ ವೈಫೈ ಆಗುವ ಎರಡು ಮೂರು ಡಬ್ಬಿ ಕೊಡುತ್ತಾರಲ್ಲ, ಅವನ್ನೂ ನಮ್ಮಂಥ ಮನೆಯಲ್ಲಿ ಕೇಬಲ್ಲಿನಿಂದ ಜೋಡಿಸಿದರೇ ಚೆನ್ನ.

25 ಮೀಟರ್ ಕ್ಯಾಟ್-6 ಎಂಬ ತಾಮ್ರದ ನೆಟ್ ಕೇಬಲ್ ತಂದೆವು. ಈ ಕೇಬಲ್ 100 ಮೀಟರ್‌ವರೆಗೂ ಹೋಗಬಹುದು, ಹಾಗಾಗಿ ಕೊಟ್ಟಿಗೆಯ ತನಕ ಬೇಕಾದರೂ ಒಯ್ಯಬಹುದಿತ್ತು. ಜಗಲಿಯ ಡಬ್ಬಿಯಿಂದ ತೊಲೆಯ ಮೇಲೆ ಹಾಯಿಸಿ, ಮೆಟ್ಟಿಲ ಪಕ್ಕ ಮೇಲಕ್ಕೆ ಒಯ್ದೆವು. ಇಲಿ ಕಡಿಯದ ಹಾಗೆ ಪಿವಿಸಿ ಪೈಪಿನೊಳಗೆ ಹಾಕಿದೆವು. ಅಡಿಕೆ ಇಡುವ ಮನೆಯಲ್ಲಿ ಇಲಿಗೇನು ಬರವೇ? ಈ ಕೆಲಸವನ್ನು ನಮ್ಮ ಯಜಮಾನರೂ ನಾನೂ ಅರ್ಧ ದಿನದಲ್ಲಿ ಮುಗಿಸಿದೆವು. ರೂಟರನ್ನು ಮಾಳಿಗೆಯ ಮೆಟ್ಟಿಲ ತಲೆಯಲ್ಲಿ ಎತ್ತರಕ್ಕೆ ಇಟ್ಟೆವು. ಅಲ್ಲಿಂದ ಮಗಳ ಕೋಣೆಗೆ ಬರೀ ಮರದ ಬಾಗಿಲು ಅಡ್ಡ, ಕೆಳಗೆ ನಡುಮನೆಗೆ ಮರದ ಹಲಗೆ ಅಡ್ಡ. ಮರ ಸಿಗ್ನಲ್ಲಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ಕಬ್ಬಿಣದ ಬೀರು, ಫ್ರಿಜ್ಜು, ನೀರಿನ ಟ್ಯಾಂಕು ಮಾತ್ರ ದೂರ ಇರಲಿ. ಚಂದ ಕಾಣಲಿ ಎಂದು ಟಿವಿಯ ಹಿಂದೆ ತುರುಕುವವರನ್ನೂ ನೋಡಿದ್ದೇನೆ.

ಒಂದು ಎಚ್ಚರಿಕೆ. ತಾಮ್ರದ ಕೇಬಲ್ಲನ್ನು ಎಳೆದ ಹಾಗೆ ಫೈಬರ್ ಎಳೆಯಬಾರದು. ಒಳಗೆ ಇರುವುದು ಕೂದಲಿನಷ್ಟು ಸಣ್ಣ ಗಾಜು. ಒಂದು ಮಳೆಗಾಲ ನಾನು ಕಿಟಕಿ ಬಾಗಿಲನ್ನು ಒತ್ತಿ ಹಾಕಿದೆ, ಸಂದಿಯಲ್ಲಿ ಫೈಬರ್ ಮಡಚಿತು. ಡಬ್ಬಿಯಲ್ಲಿ ಕೆಂಪು ದೀಪ ಮಿಣುಕತೊಡಗಿತು. ಲೈನಿನ ಹುಡುಗ ಬಂದು ಬೆಳಕು ಎಷ್ಟು ಬರುತ್ತಿದೆ ಎಂದು ಮೀಟರ್ ಇಟ್ಟು ನೋಡಿದ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 29. ಮಡಚಿದ್ದನ್ನು ಬಿಡಿಸಿ ಸುರುಳಿ ದೊಡ್ಡದು ಮಾಡಿದ ಕೂಡಲೇ ಮೈನಸ್ 21ಕ್ಕೆ ಬಂತು. ಸಾಮಾನ್ಯವಾಗಿ ಮೈನಸ್ 8ರಿಂದ ಮೈನಸ್ 27ರ ನಡುವೆ ಇದ್ದರೆ ಡಬ್ಬಿಗೆ ಬೆಳಕು ಸರಿಯಾಗಿ ಕಾಣುತ್ತದೆ ಎಂದು ಅವನೇ ಹೇಳಿಕೊಟ್ಟ. ಫೈಬರಿನ ತುದಿಯ ಹಸಿರು ಪಿನ್ನನ್ನು ಬಿಚ್ಚಿ ತುದಿ ಮುಟ್ಟಬೇಡಿ, ಕಣ್ಣಿಗೆ ಹಿಡಿದು ನೋಡಲೇಬೇಡಿ. ಅದರಲ್ಲಿ ಬರುವ ಬೆಳಕು ನಮಗೆ ಕಾಣುವುದಿಲ್ಲ, ಆದರೆ ಲೇಸರ್. ಮಕ್ಕಳಿರುವ ಮನೆಯಲ್ಲಿ ಇದನ್ನು ಹೇಳಿಯೇ ಹೇಳಬೇಕು.

ಇನ್ನು ಜೋಡಿಸುವ ಮಾತು. ನನಗೆ ತುಂಬಾ ಬೇಸರ ಆದದ್ದೂ ಇಲ್ಲೇ.

ರೂಟರನ್ನು ಮೂರು ರೀತಿಯಲ್ಲಿ ಜೋಡಿಸಬಹುದು. ತೀರಾ ಸುಲಭದ್ದು ಆಕ್ಸೆಸ್ ಪಾಯಿಂಟ್. ಹಳೆಯ ಡಬ್ಬಿಯೇ ಎಲ್ಲ ಕೆಲಸ ಮಾಡುತ್ತದೆ, ಹೊಸದು ವೈಫೈ ಬೀರುತ್ತದೆ ಅಷ್ಟೇ. ಎಷ್ಟೋ ರೂಟರುಗಳ ಸೆಟ್ಟಿಂಗಿನಲ್ಲಿ ಇದನ್ನು ಒಂದೇ ಒತ್ತಿಗೆ ಆರಿಸಿಕೊಳ್ಳಬಹುದು. ಹೆಚ್ಚಿನ ಮನೆಗಳಿಗೆ ಇದು ಸಾಕು. ಎರಡನೆಯದು, ಸುಮ್ನೆ ಡಬ್ಬಿಯಿಂದ ರೂಟರಿನ ವ್ಯಾನ್ ಪೋರ್ಟಿಗೆ ಕೇಬಲ್ ಹಾಕುವುದು. ನೆಟ್ ಬರುತ್ತದೆ. ಆದರೆ ಹಂಚುವವರು ಇಬ್ಬರಾಗುತ್ತಾರೆ. ಎರಡೂ ಡಬ್ಬಿಗಳಿಗೆ 192.168.1.1 ಎಂಬ ಒಂದೇ ವಿಳಾಸ ಇದ್ದರೆ ಜಗಳ ಶುರುವಾಗುತ್ತದೆ. ನಮಗೆ ಹಾಗೇ ಆಯಿತು. ರೂಟರಿನ ವಿಳಾಸವನ್ನು 192.168.5.1 ಮಾಡಿದ ಮೇಲೆ ಸರಿಯಾಯಿತು. ಮೂರನೆಯದು ಬ್ರಿಡ್ಜ್. ಹಳೆಯ ಡಬ್ಬಿ ಬೆಳಕು ಬದಲಿಸುವ ಕೆಲಸ ಮಾತ್ರ ಮಾಡುತ್ತದೆ. ಲಾಗಿನ್ ಆಗುವುದು, ಹಂಚುವುದು, ಹೊರಗಿನವರು ನುಗ್ಗದಂತೆ ಕಾಯುವುದು ಎಲ್ಲ ನಮ್ಮ ರೂಟರಿನದು. ಮಗಳಿಗೆ ಬೇಕಾಗಿದ್ದು ಇದು. ನಮ್ಮ ಲೈನು ಪಿಪಿಪಿಒಇ, ಅಂದರೆ ಲಾಗಿನ್ ಆದರೆ ಮಾತ್ರ ನೆಟ್ ಬರುವ ತರಹದ್ದು, ಆದ್ದರಿಂದ ಇದಕ್ಕೆ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಬೇಕು.

ಕೇಳಿದೆ. "ಅದನ್ನೆಲ್ಲ ಗ್ರಾಹಕರಿಗೆ ಕೊಡುವುದಿಲ್ಲ" ಅಂದರು ಕಂಪನಿಯವರು. ಮತ್ತೆ ಕೇಳಿದೆ. "ಬೇರೆ ರೂಟರ್ ಹಾಕಿದರೆ ನಾವು ಜವಾಬ್ದಾರರಲ್ಲ" ಅಂದರು. ಸರಿ, ನನ್ನ ರೂಟರಿಗೆ ನಾನೇ ಜವಾಬ್ದಾರಿ, ಆದರೆ ನನ್ನ ಹೆಸರಿನಲ್ಲಿ ಇರುವ ಲೈನಿನ ಪಾಸ್‌ವರ್ಡ್ ನನಗೇ ಯಾಕೆ ಇಲ್ಲ? ಹನ್ನೊಂದು ದಿನ ಫೋನು ಮಾಡಿದೆ. ಆರು ಜನರ ಹತ್ತಿರ ಮೊದಲಿನಿಂದ ಕತೆ ಹೇಳಿದೆ. ಅವರಲ್ಲಿ ಇಬ್ಬರಿಗೆ ಬ್ರಿಡ್ಜ್ ಅಂದರೇನು ಎಂದೇ ಗೊತ್ತಿರಲಿಲ್ಲ. ಕೊನೆಗೆ ದೂರಿನ ನಂಬರು ಬರೆದುಕೊಂಡು, ಮೇಲಿನ ಹಂತಕ್ಕೆ ಅಪೀಲು ಹಾಕುತ್ತೇನೆ ಎಂದ ಮೇಲೆ ಒಬ್ಬರು ಪುಣ್ಯಾತ್ಮರು ಹತ್ತೇ ನಿಮಿಷದಲ್ಲಿ ಮಾಡಿಕೊಟ್ಟರು. ಹತ್ತು ನಿಮಿಷದ ಕೆಲಸಕ್ಕೆ ಹನ್ನೊಂದು ದಿನ. ಟೆಲಿಕಾಂ ಕಂಪನಿಗಳು ದೂರು ಕೇಂದ್ರ ಮತ್ತು ಅಪೀಲಿನ ವ್ಯವಸ್ಥೆ ಇಡಲೇಬೇಕು ಎಂದು ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2012ರಲ್ಲೇ ನಿಯಮ ಮಾಡಿದೆ. ದೂರು ಕೊಟ್ಟಾಗ ನಂಬರು ಕೇಳಿ ಬರೆದುಕೊಳ್ಳಿ. ಬರೀ ಬಾಯಿ ಮಾತಿನ ದೂರು ಎಲ್ಲಿಯೂ ನಿಲ್ಲುವುದಿಲ್ಲ. ಆ ಡಬ್ಬಿಯಿಂದಲೇ ಲ್ಯಾಂಡ್‌ಲೈನ್ ಫೋನೂ ಇದ್ದರೆ, ಬ್ರಿಡ್ಜ್ ಮಾಡುವ ಮೊದಲು ಫೋನು ನಿಲ್ಲುವುದಿಲ್ಲ ತಾನೇ ಎಂದು ಕೇಳಿಕೊಳ್ಳಿ.

ಜೋಡಿಸಿದ ಮೇಲೆ ಹಳೆಯ ಡಬ್ಬಿಯ ವೈಫೈ ನಿಲ್ಲಿಸಿದೆವು. ರೂಟರಿನ ಒಳಗೆ ಹೋಗುವ ಪಾಸ್‌ವರ್ಡು ಅಡ್ಮಿನ್ ಎಂದೇ ಇತ್ತು, ಅದನ್ನು ಬದಲಿಸಿದೆವು. ಹೊಸದನ್ನು ಪಂಚಾಂಗದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಮಗಳ ಲ್ಯಾಪ್‌ಟಾಪ್ 5 ಗಿಗಾಹರ್ಟ್ಸಿನಲ್ಲಿ, ಅದು ವೇಗ ಆದರೆ ಗೋಡೆ ದಾಟುವುದು ಕಷ್ಟ. ಕೊಟ್ಟಿಗೆಯ ಕ್ಯಾಮೆರಾ 2.4ರಲ್ಲಿ, ಅದು ನಿಧಾನ ಆದರೆ ದೂರ ಹೋಗುತ್ತದೆ. ಇಂಥ ಎಷ್ಟೋ ಕ್ಯಾಮೆರಾಗಳಿಗೆ 5 ಬರುವುದೂ ಇಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ನನ್ನ ತಂಗಿಯ ಮನೆ ಇದೆ. ಅಲ್ಲಿ ಫೋನು ತೆರೆದರೆ ಅಕ್ಕಪಕ್ಕದ ಇಪ್ಪತ್ತು ವೈಫೈ ಕಾಣುತ್ತವೆ. ಅಂಥ ಕಡೆ 2.4ರಲ್ಲಿ 1, 6, 11 ಈ ಮೂರು ಚಾನೆಲ್ಲುಗಳಲ್ಲಿ ಖಾಲಿ ಇರುವುದನ್ನು ಆರಿಸಬೇಕು. ನಮ್ಮಲ್ಲಿ ಪಕ್ಕದ ಮನೆಯೇ ಅರ್ಧ ಕಿಲೋಮೀಟರ್ ಆಚೆ, ಆ ತಾಪತ್ರಯ ಇಲ್ಲ.

ಈಗ ಮಗಳ ಕೋಣೆಯಲ್ಲಿ 90 ಬರುತ್ತದೆ. ಪ್ಲಾನು ಮತ್ತೆ 40ಕ್ಕೆ ಇಳಿಸೋಣ ಎಂದು ಯೋಚನೆ ಮಾಡುತ್ತಿದ್ದೇವೆ, ಅವಳ ಕೆಲಸಕ್ಕೆ ಅಷ್ಟೇ ಬೇಕಾದಷ್ಟಾಯಿತು.

ಗುಡುಗಿನ ವಿಷಯ ಹೇಳದಿದ್ದರೆ ಮಲೆನಾಡಿನ ಪತ್ರ ಆಗುವುದಿಲ್ಲ. ಒಂದು ಏಪ್ರಿಲ್ ಸಂಜೆ ಮೊದಲ ಡಬ್ಬಿ ಸುಟ್ಟಿತು. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ, ಗಾಜು ಅದು, ಏನೂ ಆಗುವುದಿಲ್ಲ ಎಂದು ಧೈರ್ಯವಾಗಿದ್ದೆ. ಸಿಡಿಲು ಬಂದದ್ದು ಅಡಾಪ್ಟರಿನ ಕಡೆಯಿಂದ. ಕೆಲವು ಫೈಬರ್ ವೈರುಗಳ ಜೊತೆ ಭಾರ ಹೊರಲು ಒಂದು ಉಕ್ಕಿನ ತಂತಿಯೂ ಇರುತ್ತದೆ, ಅದನ್ನು ಮನೆಯ ಹೊರಗೇ ಕಟ್ಟಿ ನಿಲ್ಲಿಸಲು ಹೇಳಿ. ಮೋಡ ಕಟ್ಟಿದರೆ ಈಗ ನಾನು ಎರಡೂ ಅಡಾಪ್ಟರ್ ಕೀಳುತ್ತೇನೆ. ಡಬ್ಬಿಗೂ ರೂಟರಿಗೂ ನಡುವಿನ ಕೇಬಲ್ಲನ್ನೂ ಕೀಳುತ್ತೇನೆ, ಅದು ತಾಮ್ರ. ಸ್ಪೈಕ್ ಗಾರ್ಡ್ ಇದೆ ಎಂದು ಸುಮ್ನೆ ಕೂರಬೇಡಿ.

ಕರೆಂಟು ಹೋದಾಗಲೂ ಒಂದು ದಾರಿ ಇದೆ. ನಮ್ಮ ಡಬ್ಬಿ, ರೂಟರ್ ಎರಡೂ 12 ವೋಲ್ಟಿನವು. ಎರಡಕ್ಕೂ ಒಂದೊಂದು ಮಿನಿ ಯುಪಿಎಸ್ ತಂದೆವು, ಮೂರು ಗಂಟೆ ಬರುತ್ತದೆ. ವೋಲ್ಟು ಅಡಾಪ್ಟರಿನಲ್ಲಿ ಬರೆದಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು. 9 ವೋಲ್ಟಿನದಕ್ಕೆ 12 ಹಾಕಿ ಸುಟ್ಟುಕೊಂಡವರಿದ್ದಾರೆ. ಫೈಬರಿನ ಒಂದು ಒಳ್ಳೆಯ ಗುಣವನ್ನು ನಾನು ಜುಲೈ ತಿಂಗಳಲ್ಲಿ ಕಂಡೆ. ಕಂಪನಿಯ ಯಂತ್ರದಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಬೆಳಕನ್ನು ಕವಲು ಮಾಡುವ ಡಬ್ಬಿಗೆ ಕರೆಂಟೇ ಬೇಡ. ಆ ಯಂತ್ರಕ್ಕೆ ಬ್ಯಾಟರಿ ಇದ್ದರೆ, ನಮ್ಮಲ್ಲಿ ಯುಪಿಎಸ್ ಇದ್ದರೆ, ಇಡೀ ಊರು ಕತ್ತಲಾದರೂ ನೆಟ್ ಇರುತ್ತದೆ. ಮರ ಬಿದ್ದು ಕಂಬ ಮುರಿದ ರಾತ್ರಿ ನಮ್ಮ ಮನೆಯ ನೆಟ್ಟಿನಿಂದಲೇ ಕರೆಂಟಿನವರಿಗೆ ದೂರು ಹೋಯಿತು.

ನಿಮ್ಮ ಪತ್ರಿಕೆಯ ಮೂಲಕ ಲೈನು ಕೊಡುವ ಎಲ್ಲರಿಗೂ ನನ್ನ ಕೋರಿಕೆ ಇಷ್ಟು. ಡಬ್ಬಿ ಮೊಳೆಗೆ ಹಾಕುವ ಮೊದಲು, ಮನೆಯವರು ನೆಟ್ ಎಲ್ಲಿ ಬಳಸುತ್ತಾರೆ ಎಂದು ಒಂದು ಮಾತು ಕೇಳಿ. ಹೋಗುವ ಮೊದಲು ಆ ಕೋಣೆಯಲ್ಲಿ ವೇಗ ಅಳೆದು ತೋರಿಸಿ. ವೈರು ಸಾಲದಿದ್ದರೆ ಹಾಗೆಂದು ಹೇಳಿ, ಬೇರೆ ರೂಟರ್ ಬೇಕಾಗುತ್ತದೆ ಎಂದೂ ಹೇಳಿ. ಜಾಸ್ತಿ ದುಡ್ಡಿನ ಪ್ಲಾನು ಮಾತ್ರ ಹೇಳಬೇಡಿ. ಲೈನಿನ ಯೂಸರ್‌ನೇಮ್, ಪಾಸ್‌ವರ್ಡನ್ನು ಮೊದಲ ದಿನವೇ ರಸೀದಿಯ ಜೊತೆ ಬರೆದು ಕೊಡಿ. ಬ್ರಿಡ್ಜ್ ಕೇಳಿದವರನ್ನು ಹನ್ನೊಂದು ದಿನ ಅಲೆಸಬೇಡಿ. ಪಂಚಾಯಿತಿಗಳ ಅರಿವು ಕೇಂದ್ರದಲ್ಲಿ ಒಂದು ಡಬ್ಬಿ, ಒಂದು ರೂಟರ್, ಒಂದು ಕೇಬಲ್ ಇಟ್ಟು ತಿಂಗಳಿಗೊಮ್ಮೆ ಯಾರಾದರೂ ಜೋಡಿಸಿ ತೋರಿಸಿದರೆ ನಮ್ಮ ಹೆಣ್ಣುಮಕ್ಕಳೇ ಕಲಿತುಕೊಳ್ಳುತ್ತಾರೆ. ನಾನು ಪಿಯುಸಿ ಓದಿದವಳು, ನನಗೆ ಬಂತಲ್ಲ.

ಗೃಹಪ್ರವೇಶದಲ್ಲಿ ಸಿಕ್ಕವರಲ್ಲಿ 200ರ ಪ್ಲಾನು ಹಾಕಿಸಿದವರ ಮನೆಗೆ ಬರುವ ಭಾನುವಾರ ಹೋಗುತ್ತಿದ್ದೇನೆ. ನಮ್ಮಲ್ಲಿ ಉಳಿದ ಏಳು ಮೀಟರ್ ಕೇಬಲ್ ಇದೆ, ಅವರ ನಡುಮನೆಗೆ ಸಾಲಬಹುದು. ಆ ತನಕ ಪ್ಲಾನು ಮುಟ್ಟಬೇಡಿ ಎಂದು ಹೇಳಿ ಬಂದಿದ್ದೇನೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಾರ್ತಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ